ತೆರೆ ತಪ್ಪಿಸಿ ಕಡಲಿಗೆ

ಸಸಿಹಿತ್ಲಿನ ದಡಕ್ಕೆ ಬೆಳಕು ಹರಿಯುವ ಹೊತ್ತಿಗೇ ಸರ್ಫಿಂಗಿನವರು ಬಂದು ಸೇರುತ್ತಾರೆ. ಬೋರ್ಡಿಗೆ ಮೇಣ ತಿಕ್ಕುತ್ತಾರೆ, ಕಾಲಿಗೆ ಹಗ್ಗ ಸುತ್ತಿಕೊಳ್ಳುತ್ತಾರೆ, ಆಮೇಲೆ ಮರಳಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುತ್ತಾರೆ. ಹತ್ತು ನಿಮಿಷ ಕಳೆದರೂ ಏಳುವ ಲಕ್ಷಣವಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದ ಪ್ರವಾಸಿಗರು ಮೊಬೈಲ್ ಎತ್ತಿ ಹಿಡಿದು ಕಾಯುತ್ತಾರೆ. ಕೈ ಸೋತು ಕೆಳಗಿಳಿಸುತ್ತಾರೆ. ಇವರು ಯಾವಾಗ ಶುರು ಮಾಡುತ್ತಾರೋ ಎಂದು ಗೊಣಗುತ್ತ ಚಹಾದ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಅವರ ಲೆಕ್ಕಕ್ಕೆ ಆಟ ಇನ್ನೂ ಆರಂಭವಾಗಿಲ್ಲ. ಕೂತವರ ಲೆಕ್ಕದಲ್ಲಿ ಕಷ್ಟದ ಕೆಲಸ ಆಗಲೇ ನಡೆಯುತ್ತಿದೆ.

ಅವರು ನೋಡುತ್ತಿರುವುದು ಅಲೆಯ ಚೆಲುವನ್ನಲ್ಲ. ಎಲ್ಲಿ ಅಲೆ ಮೊದಲು ಒಡೆಯುತ್ತದೆ, ಎಲ್ಲಿ ಬಿಳಿ ನೊರೆ ಏಳುವುದೇ ಇಲ್ಲ, ದೊಡ್ಡ ಅಲೆಗಳ ಒಂದು ಗುಂಪು ಬಂದು ಹೋದ ಮೇಲೆ ಕಡಲು ಎಷ್ಟು ಹೊತ್ತು ಸುಮ್ಮನಿರುತ್ತದೆ, ಹೊಳೆಯಿಂದ ಕೊಚ್ಚಿ ಬಂದ ತೆಂಗಿನ ಸಿಪ್ಪೆ ದಡಕ್ಕೆ ಬರುತ್ತಿದೆಯೋ ಕಡಲಿಗೆ ಹೋಗುತ್ತಿದೆಯೋ, ಹೀಗೆ ಒಂದೊಂದನ್ನೂ ಗಮನಿಸುತ್ತಿರುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅಲೆಯ ಸಾಲು ದಾಟಿ ಆಚೆಗೆ ಹೋಗಲು ಐದು ನಿಮಿಷ ಸಾಕು. ಸಿಗದಿದ್ದರೆ ತೋಳಿನಲ್ಲಿ ಎಷ್ಟೇ ಕಸುವಿದ್ದರೂ ಅರ್ಧ ಗಂಟೆ ಬಡಿದಾಡಿ, ಹೊರಟಲ್ಲಿಗಿಂತ ನೂರು ಮಾರು ಪಕ್ಕಕ್ಕೆ, ಉಪ್ಪುನೀರು ಕಕ್ಕುತ್ತ, ಮತ್ತೆ ದಡದಲ್ಲೇ ನಿಂತಿರುತ್ತೀರಿ.

ಮಂಗಳೂರಿನಿಂದ ಉಡುಪಿಯತ್ತ ಹೋಗುವಾಗ ಮೂಲ್ಕಿಯ ಹತ್ತಿರ ಶಾಂಭವಿ, ನಂದಿನಿ ಹೊಳೆಗಳು ಕೂಡಿ ಅರಬ್ಬಿ ಸಮುದ್ರ ಸೇರುವ ಅಳಿವೆಯ ಜಾಗ ಈ ಸಸಿಹಿತ್ಲು. ಮೂಲ್ಕಿಗೂ ಸರ್ಫಿಂಗಿಗೂ ನಂಟು ಬೆಳೆಸಿದವರು ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಸನ್ಯಾಸಿ. ಊರವರ ಬಾಯಲ್ಲಿ ಅವರು ಸರ್ಫಿಂಗ್ ಸ್ವಾಮಿ. 2004ರಲ್ಲಿ ಅವರ ಆಶ್ರಮದಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್ ದೇಶದ ಮೊದಲ ಸರ್ಫಿಂಗ್ ಕ್ಲಬ್ಬೆಂದು ಹೆಸರು ಪಡೆಯಿತು. ಮುಂದೆ ಸಸಿಹಿತ್ಲು, ಪಣಂಬೂರು, ತಣ್ಣೀರುಬಾವಿಯ ಸುತ್ತಿನಲ್ಲಿ ಮುಂಗಾರಿನ ಮುನ್ನ, ಮೇ ಕೊನೆ ಜೂನ್ ಆರಂಭದ ಹೊತ್ತಿಗೆ, ಇಂಡಿಯನ್ ಓಪನ್ ಸ್ಪರ್ಧೆಗಳು ನಡೆದವು. ಪತ್ರಿಕೆಗಳಲ್ಲಿ ಆಗ ಬರುವ ಚಿತ್ರಗಳು ನಿಮಗೂ ನೆನಪಿರಬಹುದು: ಬಾಗಿದ ಮೊಣಕಾಲು, ಚಾಚಿದ ಕೈ, ಹಿಂದೆ ಹಸಿರು ನೀರಿನ ಗೋಡೆ. ಆ ಹುಡುಗ ಅಲ್ಲಿಗೆ ಹೋದದ್ದು ಹೇಗೆ ಎಂಬುದು ಯಾವ ಚಿತ್ರದಲ್ಲೂ ಇರುವುದಿಲ್ಲ.

ಕ್ರೀಡಾ ವಿಜ್ಞಾನಿಗಳು ಗಡಿಯಾರ ಹಿಡಿದು ಇದನ್ನು ಅಳೆದಿದ್ದಾರೆ. ಸರ್ಫರ್ ನೀರಿನಲ್ಲಿ ಕಳೆಯುವ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬೋರ್ಡಿನ ಮೇಲೆ ಬೋರಲು ಮಲಗಿ ಕೈಯಿಂದ ನೀರು ತಳ್ಳುವುದರಲ್ಲೇ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಾಯುವುದಕ್ಕೆ. ಅಲೆಯ ಮೇಲೆ ನಿಂತು ಸವಾರಿ ಮಾಡುವುದು ನೂರಕ್ಕೆ ನಾಲ್ಕೈದು ಪಾಲು. ಗಂಟೆಗೆ ಮೂರು ನಿಮಿಷ ಅನ್ನಿ. ಹಾಗೆ ನೋಡಿದರೆ ಇದನ್ನು ಅಲೆ ಸವಾರಿ ಅನ್ನುವುದಕ್ಕಿಂತ ಅಲೆ ದಾಟುವ ಕಸುಬು ಅನ್ನುವುದೇ ನ್ಯಾಯ. ಸವಾರಿ ಅದಕ್ಕೆ ಸಿಗುವ ಸಂಬಳ, ಅದೂ ಬಹಳ ಜಿಪುಣ ಸಂಬಳ.

2024ರ ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ನಡೆದದ್ದು ಪ್ಯಾರಿಸ್ಸಿನಿಂದ ಬಹುದೂರ, ಪೆಸಿಫಿಕ್ ಸಾಗರದ ತಹೀತಿ ದ್ವೀಪದ ತಿಯಹುಪೋ ಎಂಬಲ್ಲಿ. ಬ್ರೆಜಿಲ್‌ನ ಗೇಬ್ರಿಯೆಲ್ ಮೆಡಿನಾ ಬೆರಳೆತ್ತಿ ಗಾಳಿಯಲ್ಲಿ ನಿಂತಂತೆ, ಪಕ್ಕದಲ್ಲಿ ಬೋರ್ಡೂ ನೆಟ್ಟಗೆ ನಿಂತಂತೆ ಕಾಣುವ ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು. ಛಾಯಾಗ್ರಾಹಕ ಜೆರೋಮ್ ಬ್ರೂಯೆ ಅದನ್ನು ತೆಗೆದದ್ದು ದೋಣಿಯಲ್ಲಿ ಕೂತು. ಅಷ್ಟು ಭೀಕರ ಅಲೆ ಒಡೆಯುವಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ದೋಣಿಗಳು ಆರಾಮವಾಗಿ ತೇಲುತ್ತಿರುತ್ತವೆ. ಕಾರಣ ಸರಳ. ಅಲ್ಲಿ ಅಲೆ ಒಡೆಯುವುದು ಹವಳದ ದಿಬ್ಬದ ಮೇಲೆ; ದಿಬ್ಬದ ಪಕ್ಕದಲ್ಲೇ ಆಳವಾದ ಕಾಲುವೆಯಿದೆ, ಆಳದಲ್ಲಿ ಅಲೆ ಒಡೆಯುವುದಿಲ್ಲ. ಸರ್ಫರ್‌ಗಳು ಅದೇ ಕಾಲುವೆಯಲ್ಲಿ ತಲೆಗೂದಲೂ ನೆನೆಯದಂತೆ ಆಚೆಗೆ ಹೋಗಿಬಿಡಬಹುದು. ಆ ಅಲೆಯನ್ನು ಹಿಡಿಯುವುದು ಜಗತ್ತಿನ ಅತಿ ಕಷ್ಟದ ಕೆಲಸಗಳಲ್ಲೊಂದು. ಅದರ ಬಳಿಗೆ ಹೋಗುವುದು ಮಾತ್ರ ಸಲೀಸು.

ನಮ್ಮ ಕರಾವಳಿಯಲ್ಲಿ ಇದು ಪೂರ್ತಿ ತಿರುಗಾಮುರುಗಾ. ಅಲೆ ಸಾಧಾರಣದ್ದು, ಹೋಗುವ ದಾರಿಯೇ ತಲೆನೋವು. ಇಲ್ಲಿ ನೆಲ ಮರಳಿನದು, ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಹೋದ ಅಕ್ಟೋಬರಿನಲ್ಲಿ ದಿಬ್ಬವಿದ್ದ ಕಡೆ ಈ ಅಕ್ಟೋಬರಿನಲ್ಲಿ ಗುಂಡಿಯಿರುತ್ತದೆ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಮಣ್ಣು ಮರಳನ್ನೆಲ್ಲ ಅಳಿವೆಗೆ ತಂದು ಸುರಿಯುತ್ತದೆ, ಕಡಲು ಅದನ್ನು ತನಗೆ ಬೇಕಾದಲ್ಲಿ ಹರವುತ್ತದೆ. ದಡವನ್ನೂ ಕೊರೆಯುತ್ತದೆ; ಗಾಳಿಮರಗಳು ಬೇರು ಸಮೇತ ಮಗುಚಿ ಬಿದ್ದಿರುವುದನ್ನು ಈ ಸಾಲಿನ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಾಗಿ ತಹೀತಿಯವನಿಗೆ ಅಜ್ಜ ತೋರಿಸಿದ ದಾರಿ ಮೊಮ್ಮಗನಿಗೂ ಆಗುತ್ತದೆ. ಸಸಿಹಿತ್ಲಿನವನು ಪ್ರತಿ ಹಂಗಾಮಿಗೂ ಹೊಸದಾಗಿ ಹುಡುಕಬೇಕು.

ಎಲ್ಲಿಂದಲೋ ಬಂದ ಅಲೆ

ದಡದಲ್ಲಿ ನಿಂತವರಿಗೆ ಅಲೆಯೆಂದರೆ ನೀರು ಓಡಿ ಬರುವುದು. ಆಳ ಕಡಲಿನಲ್ಲಿ ನೀರು ಓಡುವುದೇ ಇಲ್ಲ. ನೀರಿನ ಒಂದೊಂದು ಹನಿಯೂ ಇದ್ದಲ್ಲೇ ಒಂದು ಸುತ್ತು ಸುತ್ತಿ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬರುತ್ತದೆ; ಮುಂದೆ ಸಾಗುವುದು ಶಕ್ತಿ ಮಾತ್ರ. ಈ ಸುತ್ತು ಮೇಲ್ಭಾಗದಲ್ಲಿ ದೊಡ್ಡದು, ಕೆಳಗಿಳಿದಂತೆ ಚಿಕ್ಕದಾಗುತ್ತ ಹೋಗುತ್ತದೆ. ಒಂದು ಅಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಇರುವ ದೂರದ ಅರ್ಧದಷ್ಟು ಆಳಕ್ಕೆ ಹೋದರೆ ಅಲ್ಲಿ ಅಲೆಯ ಸುದ್ದಿಯೇ ಇಲ್ಲ ಅನ್ನಬಹುದು. ಮುಳುಗಿದವನಿಗೆ ಮೇಲಿದ್ದವನಿಗಿಂತ ಪೆಟ್ಟು ಕಡಿಮೆ ಎಂಬ ಈ ಸಂಗತಿಯನ್ನು ಮುಂದೆ ಬೋರ್ಡಿನ ವಿಷಯ ಬಂದಾಗ ಮತ್ತೆ ನೋಡೋಣ.

ದಡದ ಹತ್ತಿರ ನೆಲ ಮೇಲೇರಿದಂತೆ ಅಲೆಯ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ಹಿಂದಿನ ನೀರು ಒತ್ತಿಕೊಂಡು ಬರುತ್ತದೆ, ಅಲೆ ಎತ್ತರವಾಗಿ ಕಡಿದಾಗುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ನೆತ್ತಿ ಮುಂದಕ್ಕೆ ಬಾಗಿ ಮುರಿದು ಬೀಳುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ದಡದಲ್ಲಿ ಕೂತೇ ಸಮುದ್ರದ ತಳ ನೋಡಬಹುದು. ಒಂದು ಮೀಟರ್ ಎತ್ತರದ ಅಲೆ ಒಡೆಯಿತೆಂದರೆ ಅಲ್ಲಿ ನೀರು ಎದೆಮಟ್ಟ. ಅದರ ಪಕ್ಕದಲ್ಲೇ ಅದೇ ಅಲೆ ಒಡೆಯದೆ ದಾಟಿತೆಂದರೆ ಅಲ್ಲಿ ಆಳವಿದೆ. ನೊರೆಯ ಬಿಳಿಗೆರೆಯೇ ಭೂಪಟ.

ಇನ್ನು ಅಲೆಗಳು ಗುಂಪು ಗುಂಪಾಗಿ ಏಕೆ ಬರುತ್ತವೆ? ನಮ್ಮ ದಡಕ್ಕೆ ಬರುವ ಒಳ್ಳೆಯ ಅಲೆಗಳಲ್ಲಿ ಕೆಲವು ಹುಟ್ಟಿದ್ದು ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಯಲ್ಲಿ. ಹದಿನೈದು ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಆಳ ಕಡಲಿನಲ್ಲಿ ಗಂಟೆಗೆ ಸುಮಾರು 42 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆರು ಸಾವಿರ ಕಿಲೋಮೀಟರ್ ದಾಟಿ ಇಲ್ಲಿಗೆ ಬರಲು ಆರು ದಿನ ಬೇಕು. ಬೇರೆ ಬೇರೆ ಲಯದ ಅಲೆಗಳು ದಾರಿಯಲ್ಲಿ ಒಂದರ ಮೇಲೊಂದು ಕೂಡುತ್ತ, ಕೆಲವು ಕಡೆ ಒಂದನ್ನೊಂದು ಹೆಚ್ಚಿಸುತ್ತ, ಕೆಲವು ಕಡೆ ಒಂದನ್ನೊಂದು ಅಳಿಸುತ್ತ ಬರುತ್ತವೆ. ಅದರ ಫಲವೇ ಮೂರೋ ಐದೋ ಏಳೋ ದೊಡ್ಡ ಅಲೆಗಳ ಒಂದು ‘ಸೆಟ್’, ಆಮೇಲೆ ಒಂದಷ್ಟು ಬಿಡುವು. ಏಳನೆಯ ಅಲೆಯೇ ದೊಡ್ಡದು ಎಂಬ ನಂಬಿಕೆ ಎಷ್ಟೋ ದೇಶಗಳ ಕಡಲಂಚಿನಲ್ಲಿದೆ. ಕಡಲಿಗೆ ಅಷ್ಟು ಅಚ್ಚುಕಟ್ಟಾಗಿ ಎಣಿಸಲು ಬರುವುದಿಲ್ಲ, ಆದರೆ ನಂಬಿಕೆಯ ತಿರುಳು ಸುಳ್ಳಲ್ಲ. ಇದೇ ದಕ್ಷಿಣದ ಅಲೆಗಳು ಸ್ಥಳೀಯವಾಗಿ ಗಾಳಿಯೇ ಇಲ್ಲದ ದಿನ ಉಕ್ಕಿ ಬಂದು ಮನೆಯಂಗಳ ನುಗ್ಗಿದರೆ ಕೇರಳದವರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅದರ ಮುನ್ಸೂಚನೆ ಕೊಡುತ್ತದೆ. ಮೀನುಗಾರರಿಗೆಂದು ಹೊರಡಿಸುವ ಆ ಎಚ್ಚರಿಕೆ ಸರ್ಫರ್‌ಗಳಿಗೆ ಶುಭಸುದ್ದಿ.

ದಡದಲ್ಲಿ ಕೂತವನು ಆ ಬಿಡುವಿನ ಅಳತೆ ನೋಡುತ್ತಿರುತ್ತಾನೆ. ಬಿಡುವು ಎರಡು ನಿಮಿಷದ್ದಾಗಿ, ಸಾಲು ದಾಟಲು ನಾಲ್ಕು ನಿಮಿಷ ಬೇಕೆಂದಾದರೆ ನಡುವೆ ಒಂದು ಸೆಟ್ಟು ತಲೆಯ ಮೇಲೆ ಬೀಳುವುದು ಖಂಡಿತ. ಆಗ ಬೇರೆ ದಾರಿ ನೋಡಬೇಕು.

ಕೊಲ್ಲುವ ದಾರಿ, ಒಯ್ಯುವ ದಾರಿ

ಗದ್ದೆಯ ಬದುವನ್ನು ನೆನಪಿಸಿಕೊಳ್ಳಿ. ಜೋರು ಮಳೆಗೆ ತುಂಬಿದ ನೀರು ಬದುವಿನ ಉದ್ದಕ್ಕೂ ಒಂದೇ ಸಮ ಉಕ್ಕುವುದಿಲ್ಲ. ಎಲ್ಲಿ ಕಂಡಿ ಬಿದ್ದಿದೆಯೋ ಅತ್ತ ನುಗ್ಗುತ್ತದೆ, ನುಗ್ಗುತ್ತ ಕಂಡಿಯನ್ನು ಇನ್ನಷ್ಟು ಕೊರೆಯುತ್ತದೆ. ಕಡಲಂಚಿನಲ್ಲಿ ಆಗುವುದೂ ಇದೇ. ದಡಕ್ಕೆ ಸಮಾನಾಂತರವಾಗಿ ನೀರಿನೊಳಗೆ ಮರಳಿನ ದಿಬ್ಬವೊಂದು ಮಲಗಿರುತ್ತದೆ. ಅಲೆಗಳು ಅದರ ಮೇಲೆ ಒಡೆದು ನೀರನ್ನು ದಡದ ಕಡೆ ತಳ್ಳುತ್ತಲೇ ಇರುತ್ತವೆ. ಆ ನೀರು ವಾಪಸು ಹೋಗಲೇಬೇಕಲ್ಲ? ದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿ, ಕಿರಿದಾದ ಹೊಳೆಯಾಗಿ ಕಡಲಿಗೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಂತೆ ಹರಿಯುತ್ತದೆ. ಕೆರಳಿದರೆ ಎರಡು ಮೀಟರ್ ಮುಟ್ಟೀತು. ಅಷ್ಟು ವೇಗದಲ್ಲಿ ಈಜುವುದು ಒಲಿಂಪಿಕ್ಸಿನವರಿಗೆ ಮಾತ್ರ ಸಾಧ್ಯ, ಅವರಿಗೂ ಒಂದೆರಡು ನಿಮಿಷದ ಮಾತು.

ಇದರ ಮೋಸ ಇರುವುದು ನೋಟದಲ್ಲಿ. ಎರಡೂ ಬದಿಯಲ್ಲಿ ಅಲೆ ಒಡೆದು ನೊರೆ ಎದ್ದಿರುತ್ತದೆ, ನಡುವೆ ಒಂದು ಪಟ್ಟೆ ಮಾತ್ರ ಶಾಂತ. ನೀರಿನ ಬಣ್ಣ ಸ್ವಲ್ಪ ಗಾಢ. ಮೇಲ್ಮೈ ಸುಕ್ಕುಸುಕ್ಕಾಗಿ, ಕೆಲವೊಮ್ಮೆ ಮರಳು ಕದಡಿ ಕಂದಾಗಿ ಕಾಣುತ್ತದೆ. ಊಟಿಗೋ ಧರ್ಮಸ್ಥಳಕ್ಕೋ ಹೋದಂತೆ ಕಡಲಿಗೂ ಬಂದ ಸಂಸಾರ ಮಕ್ಕಳನ್ನು ಯಾವ ಕಡೆ ಇಳಿಸುತ್ತದೆ? ಅಲೆ ಇಲ್ಲದ ಕಡೆಗೇ. ಮೊಣಕಾಲು ನೀರಿನಲ್ಲಿ ನಿಂತವರ ಕಾಲಡಿಯ ಮರಳು ಜಾರುತ್ತದೆ, ನೀರು ಸೊಂಟಕ್ಕೆ ಬರುತ್ತದೆ, ದಡ ದೂರವಾಗತೊಡಗುತ್ತದೆ. ಗಾಬರಿಯಲ್ಲಿ ನೇರ ದಡದತ್ತ ಈಜಲು ಹೋಗುತ್ತಾರೆ. ಪ್ರವಾಹದೆದುರು ಈಜಿ ದಣಿದವರು ಮುಳುಗುತ್ತಾರೆ. ರಿಪ್ ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಅರಬ್ಬಿ ಸಮುದ್ರದ ನಡುವಿಗೂ ಒಯ್ಯುವುದಿಲ್ಲ. ಅಲೆ ಒಡೆಯುವ ಸಾಲಿನ ಆಚೆ ಅದರ ಜೋರು ತಾನೇ ಇಳಿಯುತ್ತದೆ. ತೇಲುತ್ತ, ಕೈಯೆತ್ತಿ ಕೂಗುತ್ತ, ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ನೊರೆಯಿರುವ ಕಡೆಯಿಂದ ಮರಳುವುದು ಬದುಕುವ ಉಪಾಯ.

ಸರ್ಫರ್ ಹುಡುಕಿಕೊಂಡು ಹೋಗುವುದು ಇದೇ ಪಟ್ಟೆಯನ್ನು. ಅವನಿಗೆ ಅದು ಪುಕ್ಕಟೆ ಸವಾರಿ. ಅಲೆ ಒಡೆಯದ ಕಾರಣ ತಲೆಗೆ ಪೆಟ್ಟಿಲ್ಲ, ಹರಿವು ತಾನೇ ಹೊರಗೆ ಒಯ್ಯುವ ಕಾರಣ ತೋಳಿಗೆ ಅರ್ಧ ಕೆಲಸ ಉಳಿಯುತ್ತದೆ. ಎದೆಯ ಕೆಳಗೆ ತೇಲುವ ಹಲಗೆ ಇರುವುದರಿಂದ ಮುಳುಗುವ ಭಯ ಕಡಿಮೆ. ಆಚೆ ತಲುಪಿದ ಮೇಲೆ ಪಕ್ಕಕ್ಕೆ ತಿರುಗಿ ಅಲೆ ಒಡೆಯುವಲ್ಲಿಗೆ ಹೋದರಾಯಿತು.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅಂಥ ಸುದ್ದಿ ಬಂದಾಗಲೆಲ್ಲ ಒಂದಷ್ಟು ದಿನ ಬೀಚು ಮುಚ್ಚುವುದು, ಹಗ್ಗ ಕಟ್ಟುವುದು, ‘ನೀರಿಗಿಳಿಯಬೇಡಿ’ ಎಂಬ ಫಲಕ ಹಾಕುವುದು ನಡೆಯುತ್ತದೆ. ಫಲಕ ಬೇಕು, ಜೀವರಕ್ಷಕರಂತೂ ಬೇಕೇ ಬೇಕು. ಆದರೆ ನೀರಿನ ಯಾವ ಪಟ್ಟೆ ಹೊರಗೆ ಹರಿಯುತ್ತಿದೆ ಎಂದು ಬೆರಳು ಮಾಡಿ ತೋರಿಸುವ ಪಾಠ ನಮ್ಮ ಶಾಲೆಗಳಲ್ಲಿ ಇಲ್ಲ, ಕರಾವಳಿಯ ಶಾಲೆಗಳಲ್ಲೂ ಅಪರೂಪ. ಸರ್ಫಿಂಗ್ ಕಲಿಯಲು ಬಂದ ಹತ್ತು ವರ್ಷದ ಹುಡುಗಿಗೆ ಅದು ಮೊದಲ ದಿನವೇ ಸಿಗುವ ವಿದ್ಯೆ. ನನ್ನ ಮಟ್ಟಿಗೆ ಈ ಆಟ ಕರಾವಳಿಗೆ ಕೊಡಬಹುದಾದ ದೊಡ್ಡ ಕೊಡುಗೆ ಪದಕವೂ ಅಲ್ಲ, ಪ್ರವಾಸೋದ್ಯಮವೂ ಅಲ್ಲ, ಈ ಕಣ್ಣು.

ನೀರಿಗಿಳಿದ ಮೇಲೆ

ಎಲ್ಲ ದಿನವೂ ಒಳ್ಳೆಯ ಕಂಡಿ ಸಿಗುವುದಿಲ್ಲ. ಸಿಕ್ಕರೂ ಅಲ್ಲಿಗೆ ಹೋಗುವಷ್ಟರಲ್ಲಿ ಒಂದೆರಡು ನೊರೆಯ ಗೋಡೆಗಳಿಗೆ ಎದುರಾಗಲೇಬೇಕು. ಹೊಸಬರು ಮಾಡುವ ಮೊದಲ ಎಡವಟ್ಟು ಸೊಂಟಮಟ್ಟ ನೀರಿನಲ್ಲೇ ನಡೆಯುತ್ತದೆ. ಬೋರ್ಡನ್ನು ತಮ್ಮ ಮುಂದೆ ಅಡ್ಡಲಾಗಿ ಹಿಡಿದು ನಡೆಯುತ್ತಾರೆ. ಎಂಟಡಿ ಉದ್ದದ ಹಲಗೆಗೆ ನೊರೆ ಅಡ್ಡ ಬಡಿದರೆ ನೂರಾರು ಕಿಲೋಗಳ ಒತ್ತಡ. ಹಲಗೆಯ ಹಿಂದೆ ಇರುವುದು ಹೊಟ್ಟೆ, ಎದೆ, ಹಲ್ಲು. ಬೋರ್ಡು ಯಾವತ್ತೂ ಮೈಯ ಪಕ್ಕದಲ್ಲಿ ಇರಬೇಕು, ಮೂತಿ ಅಲೆಯ ಕಡೆಗೆ. ಅಲೆಗೂ ಮನುಷ್ಯನಿಗೂ ನಡುವೆ ಬೋರ್ಡು ಬರಕೂಡದು. ನೀರು ಎದೆಗೆ ಬಂದಾಗ ಮೇಲೆ ಹತ್ತಿ ಮಲಗುವುದು. ತೀರ ಹಿಂದೆ ಮಲಗಿದರೆ ಮೂತಿ ಎದ್ದು ಬೋರ್ಡು ಉಳುಮೆ ಮಾಡುತ್ತದೆ, ತೀರ ಮುಂದೆ ಮಲಗಿದರೆ ಮೂತಿ ನೀರಿಗಿಳಿಯುತ್ತದೆ. ಮೂತಿ ನೀರಿನಿಂದ ಎರಡು ಬೆರಳು ಮೇಲಿದ್ದರೆ ಸರಿ. ಎದೆ ಎತ್ತಿ, ಗದ್ದ ಎತ್ತಿ, ಒಂದಾದ ಮೇಲೊಂದು ಕೈಯಿಂದ ನೀರು ಸೆಳೆಯಬೇಕು. ಮೊದಲ ವಾರ ನೋಯುವುದು ಭುಜವಲ್ಲ, ಕುತ್ತಿಗೆಯ ಹಿಂಭಾಗ.

ಮೊಣಕಾಲೆತ್ತರದ ನೊರೆಯಾದರೆ ಕೈಯೂರಿ ಎದೆಯನ್ನು ತುಸು ಮೇಲೆತ್ತಿದರೆ ಸಾಕು, ನೊರೆ ಬೋರ್ಡಿಗೂ ಹೊಟ್ಟೆಗೂ ನಡುವೆ ಹಾದು ಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಮುಳುಗಲೇಬೇಕು. ಮುಳುಗುವ ಬಗೆ ಎರಡು. ಯಾವುದು ಎಂಬುದನ್ನು ನಿರ್ಧರಿಸುವುದು ಧೈರ್ಯವಲ್ಲ, ಲೀಟರು. ಕಲಿಯುವವರ ದಪ್ಪ ಫೋಮ್ ಬೋರ್ಡಿನ ಗಾತ್ರ 70–80 ಲೀಟರ್. ಅದನ್ನು ಪೂರ್ತಿ ಮುಳುಗಿಸಲು ಹೆಚ್ಚುಕಡಿಮೆ ಅಷ್ಟೇ ಕಿಲೋ ಭಾರ ಹೇರಬೇಕು. ಮಲಗಿದ ಮನುಷ್ಯನಿಂದ ಅದು ಆಗದ ಮಾತು. ಆದ್ದರಿಂದ ಅವರು ಆಮೆಯ ಹೆಸರಿನ ಉಪಾಯಕ್ಕೆ ಹೋಗುತ್ತಾರೆ: ಟರ್ಟಲ್ ರೋಲ್. ನೊರೆ ಎರಡು ಮಾರು ದೂರವಿದ್ದಾಗ ಬೋರ್ಡಿನ ಎರಡೂ ಅಂಚನ್ನು ಗಟ್ಟಿಯಾಗಿ ಹಿಡಿದು ಒಂದು ಪಕ್ಕಕ್ಕೆ ಉರುಳಿ, ಬೋರ್ಡು ಮೇಲೆ ತಾನು ಕೆಳಗೆ ಆಗುವುದು. ಮೈ ನೀರೊಳಗೆ ಜೋತು ಬಿದ್ದು ಲಂಗರಿನ ಕೆಲಸ ಮಾಡುತ್ತದೆ. ತಲೆಯ ಮೇಲೆ ಗುಡುಗು ಹಾದು ಹೋಗುತ್ತದೆ, ಹಲಗೆ ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ಅದು ನಿಂತ ತಕ್ಷಣ ಮತ್ತೆ ಉರುಳಿ ಮೇಲೆ ಬಂದು, ಮೂಗಿನ ನೀರು ಒರೆಸಿಕೊಳ್ಳದೆ, ಕೈ ಹಾಕಬೇಕು. ಒರೆಸಿಕೊಳ್ಳುತ್ತ ಕೂತವನನ್ನು ಮುಂದಿನ ನೊರೆ ಅಡ್ಡಡ್ಡ ಹಿಡಿಯುತ್ತದೆ.

ಪಳಗಿದವರ ಆರಡಿಯ ತೆಳು ಬೋರ್ಡು 28–30 ಲೀಟರಿನದು. ಅದನ್ನು ಮುಳುಗಿಸಬಹುದು. ಬಾತುಕೋಳಿಯ ಹೆಸರಿನ ಡಕ್ ಡೈವ್ ಅದಕ್ಕೇ ಇರುವುದು. ಅಲೆ ಹತ್ತಿರವಾದಂತೆ ವೇಗ ತಗ್ಗಿಸದೆ ಹೆಚ್ಚಿಸಬೇಕು. ನಿಂತ ಬೋರ್ಡು ಮುಳುಗುವುದಿಲ್ಲ. ಒಂದು ಮಾರು ದೂರವಿದ್ದಾಗ ಅಂಚುಗಳನ್ನು ಹಿಡಿದು, ತೋಳು ನೆಟ್ಟಗೆ ಮಾಡಿ, ಮೈಯ ಭಾರವನ್ನೆಲ್ಲ ಮೂತಿಯ ಮೇಲೆ ಹಾಕಬೇಕು. ಮೂತಿ ಇಳಿಯುತ್ತದೆ. ಆಗ ಮೊಣಕಾಲನ್ನೋ ಪಾದವನ್ನೋ ಬಾಲಕ್ಕೆ ಒತ್ತಿ ಹಿಂಭಾಗವನ್ನೂ ಇಳಿಸಬೇಕು. ಇಡೀ ಬೋರ್ಡು ಈಗ ನೀರಿನಡಿ, ನೊರೆಯ ಗದ್ದಲದ ಕೆಳಗೆ, ಅಲೆಯ ಸುತ್ತು ಚಿಕ್ಕದಾಗಿರುವ ಆಳದಲ್ಲಿ. ಕಣ್ಣು ಬಿಟ್ಟು ನೋಡಿದರೆ ಮೇಲೆ ಬಿಳಿ ಮೋಡ ಉರುಳುವುದು ಕಾಣುತ್ತದೆ. ಅದು ದಾಟಿದೊಡನೆ ಮೂತಿಯನ್ನು ಮೇಲಕ್ಕೆ ತಿರುಗಿಸಿದರೆ ಬೋರ್ಡಿನ ತೇಲುವ ಗುಣವೇ ಅಲೆಯ ಬೆನ್ನಿನಾಚೆ ಎತ್ತಿ ಹಾಕುತ್ತದೆ. ಬರೆಯಲು ಇಷ್ಟು ಸಾಲು ಬೇಕಾಯಿತು. ಮಾಡುವುದು ಮೂರು ನಾಲ್ಕು ಸೆಕೆಂಡಿನಲ್ಲಿ. ಅರ್ಧ ಸೆಕೆಂಡು ಮುಂಚೆ ಮುಳುಗಿದರೆ ಅಲೆ ಬರುವಷ್ಟರಲ್ಲಿ ಮೇಲೆ ತೇಲಿರುತ್ತೀರಿ, ಅರ್ಧ ಸೆಕೆಂಡು ತಡವಾದರೆ ಹಿಮ್ಮುಖವಾಗಿ ದಡಕ್ಕೆ.

ಅಲೆಯೊಂದಿಗೆ ಹೀಗೆ ಗುದ್ದಾಡಿದ ಹೊಸಬರ ವರದಿಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಕಾದಂಬರಿಕಾರ ಜ್ಯಾಕ್ ಲಂಡನ್‌ನದು. 1907ರಲ್ಲಿ ಹವಾಯಿಯ ವೈಕಿಕಿಯಲ್ಲಿ ಅಲೆಕ್ಸಾಂಡರ್ ಹ್ಯೂಮ್ ಫೋರ್ಡ್, ಜಾರ್ಜ್ ಫ್ರೀತ್ ಎಂಬವರ ಕೈಹಿಡಿದು ಕಲಿಯಹೊರಟ ಆತ ಗಂಟೆಗಟ್ಟಲೆ ನೀರಿನಲ್ಲಿದ್ದು ಬೆನ್ನು ಕಾಲುಗಳನ್ನು ಬಿಸಿಲಿಗೆ ಸುಟ್ಟುಕೊಂಡು, ಆ ಅನುಭವವನ್ನು ಹಾಸಿಗೆಯಲ್ಲಿ ಮಲಗಿ ಬರೆದ. ಸುಟ್ಟದ್ದು ಕಾಲಿನ ಹಿಂಭಾಗ ಎಂಬುದನ್ನು ಗಮನಿಸಿ: ಬೋರಲು ಮಲಗಿ ಕೈ ಬಡಿದದ್ದೇ ಹೆಚ್ಚು.

ಇನ್ನು ಕಾಲಿನ ಹಗ್ಗ. ಲೀಶ್ ಎನ್ನುವ ಇದು ಬಂದದ್ದು ತೀರ ಈಚೆಗೆ, 1970ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಬೋರ್ಡು ಕೈತಪ್ಪಿತೆಂದರೆ ದಡದ ತನಕ ಈಜಿ ತಂದು, ಮತ್ತೆ ಮೊದಲಿನಿಂದ ಸಾಲು ದಾಟಬೇಕಿತ್ತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪ್ಯಾಟ್ ಓ’ನೀಲ್ ಎಂಬ ಯುವಕ ಬೋರ್ಡಿಗೆ ರಬ್ಬರಿನ ಕೊಳವೆ ಕಟ್ಟಿಕೊಂಡು ಬಂದಾಗ ಹಳಬರು ನಕ್ಕರು. ಈಜು ಬಾರದವರ ಆಟವಾಯಿತು ಇದು ಎಂದರು. ರಬ್ಬರು ಎಳೆದಷ್ಟೂ ಹಿಗ್ಗಿ, ಬಿಟ್ಟೊಡನೆ ಬೋರ್ಡನ್ನು ಬಾಣದ ವೇಗದಲ್ಲಿ ಹಿಂದಕ್ಕೆ ಎಸೆಯುತ್ತಿತ್ತು. 1971ರಲ್ಲಿ ಅವನ ತಂದೆ, ಸರ್ಫಿಂಗ್ ಉಡುಪಿನ ಉದ್ಯಮ ಕಟ್ಟಿದ ಜ್ಯಾಕ್ ಓ’ನೀಲ್, ಹಾಗೆ ಮರಳಿ ಬಂದ ಬೋರ್ಡಿಗೆ ಸಿಕ್ಕಿ ಎಡಗಣ್ಣು ಕಳೆದುಕೊಂಡರು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಅವರ ಚಿತ್ರ ಮುಂದೆ ಆ ಉದ್ಯಮದ ಗುರುತೇ ಆಯಿತು. ಈಗಿನ ಹಗ್ಗಗಳು ಅಷ್ಟು ಹಿಗ್ಗುವುದಿಲ್ಲ. ಆದರೆ ಅವು ಇನ್ನೊಂದು ಕೆಟ್ಟ ಚಾಳಿ ಕಲಿಸಿವೆ: ಅಲೆ ಬಂತೆಂದರೆ ಬೋರ್ಡು ಬಿಸಾಡಿ ತಾನು ಮುಳುಗುವುದು. ಎಂಟಡಿ ಬೋರ್ಡು, ಎಂಟಡಿ ಹಗ್ಗ, ಸೇರಿ ಹದಿನಾರು ಅಡಿ. ಅಷ್ಟರೊಳಗೆ ಹಿಂದೆ ಬರುತ್ತಿರುವವನ ತಲೆ ಇದ್ದರೆ ದೇವರೇ ಗತಿ. ಮೈಕೈ ಗಟ್ಟಿಯಿದ್ದೂ ಹೀಗೆ ಬಿಸಾಡುವವರಿಗೆ ಯಾವ ಬೀಚಿನಲ್ಲೂ ಒಳ್ಳೆಯ ಮಾತು ಸಿಗುವುದಿಲ್ಲ, ಸಿಗಲೂಬಾರದು.

ಸರ್ಫಿಂಗು ನಮಗೆ ಹೊಸದಿರಬಹುದು, ಒಡೆಯುವ ಅಲೆ ದಾಟುವುದು ಹೊಸದಲ್ಲ. ಮದರಾಸಿಗೆ ಬಂದರು ಕಟ್ಟುವ ಮೊದಲಿನ ಎರಡು ಶತಮಾನಕ್ಕೂ ಹೆಚ್ಚು ಕಾಲ ಹಡಗುಗಳು ದೂರದಲ್ಲಿ ನಿಲ್ಲುತ್ತಿದ್ದವು. ಜನರೂ ಸರಕೂ ದಡ ಮುಟ್ಟುತ್ತಿದ್ದದ್ದು ಮಸೂಲಾ ದೋಣಿಗಳಲ್ಲಿ. ಅವುಗಳ ಹಲಗೆಗಳಿಗೆ ಮೊಳೆಯಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದವು. ಮೊಳೆ ಹೊಡೆದ ದೋಣಿ ಅಲೆಯ ಹೊಡೆತಕ್ಕೆ ಸಿಡಿದು ಹೋಗುವಲ್ಲಿ ಹೊಲಿದ ದೋಣಿ ಬಳುಕಿ ಉಳಿಯುತ್ತಿತ್ತು. ಪಕ್ಕದಲ್ಲಿ ಮೂರ್ನಾಲ್ಕು ಮರದ ದಿಮ್ಮಿ ಕಟ್ಟಿದ ಕಟ್ಟುಮರದ ಮೇಲೆ ಬೆಸ್ತರು ಬರುತ್ತಿದ್ದರು, ಬಿದ್ದವರನ್ನು ಎತ್ತಿಕೊಳ್ಳಲು. ದೋಣಿಯೂ ಇಳಿಯದಂಥ ದಿನ ಆ ಕಟ್ಟುಮರದವರೇ ಚಾಪೆಯಿಂದ ಹೆಣೆದ ಟೋಪಿಯೊಳಗೆ ಕಾಗದಪತ್ರ ಬಚ್ಚಿಟ್ಟುಕೊಂಡು, ನೆನೆಯದಂತೆ, ಹಡಗಿಗೆ ಮುಟ್ಟಿಸುತ್ತಿದ್ದರು. ಅಲೆ ಮಗುಚಿದರೆ ಮತ್ತೆ ಹತ್ತುತ್ತಿದ್ದರು. ದಿಮ್ಮಿ ಮುಳುಗುವ ವಸ್ತುವಲ್ಲ. ಸರ್ಫ್‌ಬೋರ್ಡಿಗೂ ಅದಕ್ಕೂ ಇರುವ ಅಂತರ ಬಹಳ ದೊಡ್ಡದೇನಲ್ಲ.

ನಮ್ಮ ಕರಾವಳಿಯ ಬೆಸ್ತರಾದ ಮೊಗವೀರರೂ ನಾಡದೋಣಿ ಇಳಿಸುವ ಮುನ್ನ ತೆರೆ ನೋಡಿಯೇ ನೂಕುತ್ತಾರೆ. ದೊಡ್ಡವು ಹೋಗಲಿ ಎಂದು ಕಾದು, ಬಿಡುವಿನಲ್ಲಿ ಎಲ್ಲರೂ ಒಮ್ಮೆಗೇ ಬಲ ಹಾಕುತ್ತಾರೆ; ದೋಣಿಯ ಮೂತಿ ಅಲೆಗೆ ನೇರವಾಗಿರಬೇಕು, ಓರೆಯಾದರೆ ಮಗುಚಿತು. ಮಳೆಗಾಲದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್, ಜುಲೈ ಎರಡು ತಿಂಗಳು ರಜೆ. ಆಗ ಹೊರಡುವ ಸಣ್ಣ ದೋಣಿಗಳು ಅಳಿವೆಬಾಗಿಲಲ್ಲಿ ಮಗುಚಿದ ಸುದ್ದಿ ಪ್ರತಿ ವರ್ಷವೂ ಬರುತ್ತದೆ. ಅವರಿಗೆ ಅದು ಅನ್ನದ ದಾರಿ, ಆಚೆಯ ಅಲೆ ಹಿಡಿಯುವ ಮೋಜಲ್ಲ. ಸರ್ಫಿಂಗ್ ಶಾಲೆಗಳ ಒಳ್ಳೆಯ ಬೋಧಕರಲ್ಲಿ ಮೀನುಗಾರರ ಮನೆಯ ಹುಡುಗರೇ ಹೆಚ್ಚಿರುವುದು ಆಕಸ್ಮಿಕವೇನಲ್ಲ.

ಕೈಬಲದಿಂದ ದಾಟಲಾಗದ ಅಲೆಗಳೂ ಇವೆ. ಪೋರ್ಚುಗಲ್‌ನ ನಜಾರೆಯಲ್ಲಿ ಸಮುದ್ರದಡಿಯ ಮಹಾಕಂದರವೊಂದು ಅಲೆಯ ಶಕ್ತಿಯನ್ನೆಲ್ಲ ಒಂದೇ ದಡಕ್ಕೆ ತಿರುಗಿಸುತ್ತದೆ. 2020ರಲ್ಲಿ ಸೆಬಾಸ್ಟಿಯನ್ ಸ್ಟೂಟ್ನರ್ ಅಲ್ಲಿ ಸವಾರಿ ಮಾಡಿದ ಅಲೆ 86 ಅಡಿಯದು. ಅಲ್ಲಿ ಜೆಟ್ ಸ್ಕೀ ಇಲ್ಲದೆ ನಡೆಯುವುದಿಲ್ಲ. ಹೊರಗೆ ಒಯ್ಯುವುದೂ ಅದೇ, ಅಲೆಯ ವೇಗಕ್ಕೆ ಎಳೆಯುವುದೂ ಅದೇ, ಬಿದ್ದವನನ್ನು ಹೆಕ್ಕಿ ತರುವುದೂ ಅದೇ. ನೋಡಲು ರೋಮಾಂಚನವಾಗುತ್ತದೆ. ಆದರೂ ಯಂತ್ರ ಹೊತ್ತೊಯ್ದು ಬಿಟ್ಟ ಸವಾರನಿಗಿಂತ ಆರಡಿಯ ಅಲೆಗೆ ತಾನೇ ಹಾದಿ ಮಾಡಿಕೊಂಡು ಹೋದವನ ಮೇಲೆ ನನಗೆ ಹೆಚ್ಚು ಮರ್ಯಾದೆ.

ಸ್ಪರ್ಧೆಯ ನಿಯಮವೂ ಈ ಮರ್ಯಾದೆಯನ್ನು ಕೊಡುತ್ತದೆ. ಅರ್ಧ ಗಂಟೆಯ ಆಸುಪಾಸಿನ ಒಂದು ಸುತ್ತಿನಲ್ಲಿ ಎಷ್ಟೇ ಅಲೆ ಹಿಡಿದರೂ ಲೆಕ್ಕಕ್ಕೆ ಬರುವುದು ಅತ್ಯುತ್ತಮ ಎರಡು. ಒಂದು ಅಲೆ ಮುಗಿಸಿದವರಲ್ಲಿ ಯಾರು ಮೊದಲು ಸಾಲು ದಾಟಿ ವಾಪಸು ಬರುತ್ತಾರೋ ಅವರಿಗೆ ಮುಂದಿನ ಅಲೆಯ ಮೇಲೆ ಮೊದಲ ಹಕ್ಕು. ಹಾಗಾಗಿ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ ನಡೆಯುವ ಓಟವೇ ಎಷ್ಟೋ ಪಂದ್ಯಗಳನ್ನು ತೀರ್ಮಾನಿಸುತ್ತದೆ. ಕನ್ನಡದ ಕುಟುಂಬದಲ್ಲಿ ಹುಟ್ಟಿ ಕೇರಳದ ಕೋವಳಂ ಕಡಲಂಚಿನಲ್ಲಿ ಬೆಳೆದ ರಮೇಶ್ ಬೂದಿಹಾಳ್ 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಆ ಕೂಟದ ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಅವರ ಸುತ್ತುಗಳ ವಿಡಿಯೋ ಸಿಕ್ಕರೆ ಅಲೆಯ ಭಾಗ ಬಿಟ್ಟು, ಎರಡು ಅಲೆಗಳ ನಡುವೆ ಅವರು ಯಾವ ದಾರಿ ಹಿಡಿದು ವಾಪಸಾಗುತ್ತಾರೆ ಎಂಬುದನ್ನು ನೋಡಿ.

ಇಷ್ಟೆಲ್ಲ ದಾಟಿ ಆಚೆ ತಲುಪಿದರೆ ಅಲ್ಲಿ ಲೈನ್‌ಅಪ್. ನೀರು ಮೆಲ್ಲನೆ ಏರಿಳಿಯುತ್ತಿರುತ್ತದೆ, ಏಳೆಂಟು ಜನ ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು, ದಡಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ. ಹೊಸಬ ಏದುಸಿರು ಬಿಡುತ್ತ ಬಂದು ಸೇರಿ, ಗೆದ್ದೆನೆಂದುಕೊಂಡು ದಡದ ಕಡೆ ತಿರುಗಿ ಎಷ್ಟು ದೂರ ಬಂದೆ ಎಂದು ನೋಡುತ್ತಾನೆ. ಅಷ್ಟರಲ್ಲಿ ಯಾರೋ ಒಬ್ಬರು ‘ಔಟ್‌ಸೈಡ್!’ ಎಂದು ಕೂಗುತ್ತಾರೆ. ದಿಗಂತದಲ್ಲಿ ಕಪ್ಪು ಗೆರೆಯೊಂದು ದಪ್ಪವಾಗುತ್ತಿದೆ. ಬರುತ್ತಿರುವ ಸೆಟ್ಟು ಇಷ್ಟು ಹೊತ್ತು ಬಂದವುಗಳಿಗಿಂತ ದೊಡ್ಡದು, ಇವರು ಕೂತಿರುವುದಕ್ಕಿಂತ ಆಚೆಯೇ ಒಡೆಯಲಿದೆ. ಏಳೆಂಟೂ ಜನ ಒಟ್ಟಿಗೇ ಬೋರಲು ಬಿದ್ದು ಕೈ ಬಡಿಯತೊಡಗುತ್ತಾರೆ, ಇನ್ನೂ ಹೊರಕ್ಕೆ.